ಒಂದು ಹನಿ ರಕ್ತದಲ್ಲಿ ಕಂಡದ್ದು

ಹೆರಿಗೆಗೆಂದು ಬಂದ ತಂಗಿ ಕೊಂಡಪಲ್ಲಿ ಸ್ಟೇಷನ್ನಿನಲ್ಲಿ ಇಳಿದಾಗಲೇ ಮುಖ ಬಿಳಿಚಿಕೊಂಡಿತ್ತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. “ಚೊಚ್ಚಲ ಬಸುರಿ, ಹಾಗೇ ಇರುತ್ತೆ” ಎಂದರು ತಾಯಿಯವರು. ಬಿ.ಎ. ಓದಿದ ನಾವೂ ತಲೆದೂಗಿ, ಒಂದು ಟಾನಿಕ್ ಶೀಶೆ ತಂದುಕೊಟ್ಟು ಕಚೇರಿಗೆ ನಡೆದೆವು. ಹದಿನೈದು ದಿನ ಕಳೆದ ಮೇಲೆ ಆಕೆ ಬಚ್ಚಲಲ್ಲಿ ತಲೆಸುತ್ತಿ ಕುಸಿದಾಗ ನಮಗೆ ಬುದ್ಧಿ ಬಂತು.

ವಿಜಯವಾಡದ ವೈದ್ಯರು ಮೊದಲು ರಕ್ತಪರೀಕ್ಷೆ ಮಾಡಿಸಿದರು. ಪ್ರಯೋಗಶಾಲೆಯ ತರುಣ ನಮ್ಮ ಕಳವಳ ಕಂಡು, ಸೂಕ್ಷ್ಮದರ್ಶಕದಲ್ಲಿ ಮೊದಲು ಆರೋಗ್ಯವಂತರ ರಕ್ತ ತೋರಿಸಿದ. ಕೆಂಪು ಕಣಗಳು ತೂತು ಬೀಳದಂತೆ ನಡುವೆ ಒತ್ತಿದ ವಡೆಗಳಂತೆ ಹರಡಿದ್ದವು. ಒಂದು ಘನ ಮಿಲಿಮೀಟರಿನಲ್ಲಿ ಅವು ಸುಮಾರು 50 ಲಕ್ಷವಂತೆ. ಪ್ರಾಣವಾಯುವನ್ನು ಹೊರುವುದು ಅವುಗಳ ಕೆಲಸ, ಆಯುಸ್ಸು ಸುಮಾರು 120 ದಿನ. ನಡುನಡುವೆ ರೋಗದೊಡನೆ ಹೋರಾಡುವ ಬಿಳಿಯ ಕಣಗಳು, ಗಾಯಕ್ಕೆ ಹೆಪ್ಪುಗಟ್ಟಿಸುವ ಪುಟ್ಟ ಕಿರುತಟ್ಟೆಗಳು. ಇವೆಲ್ಲ ತೇಲುವ ಹೊಂಬಣ್ಣದ ನೀರು ಪ್ಲಾಸ್ಮಾ. ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅದೇ.

ತಂಗಿಯ ರಕ್ತದಲ್ಲಿ ಕೆಂಪು ಕಣಗಳು ಎಣಿಕೆಗೆ ಕಡಮೆ, ಗಾತ್ರಕ್ಕೆ ದೊಡ್ಡವು. ಎಲುಬಿನ ಮಜ್ಜೆಯಲ್ಲಿ ಕಣ ಹುಟ್ಟಿ ಇಬ್ಭಾಗವಾಗಲು ಫೋಲಿಕ್ ಆಮ್ಲ ಬೇಕು. ಅದಿಲ್ಲದಿದ್ದರೆ ಕಣ ಒಡೆದು ಎರಡಾಗಲಾರದೆ ಬರಿದೇ ಬೆಳೆಯುತ್ತದೆ. ಕಬ್ಬಿಣ ಸಾಲದಿದ್ದರೆ ಕಣ ಚಿಕ್ಕದಾಗಿ ಬಿಳಿಚುತ್ತದೆ. ಬಿ-12 ಕೊರತೆಯಲ್ಲೂ ಕಣ ದೊಡ್ಡದಾಗುವುದರಿಂದ, ಯಾವ ಕೊರತೆಯೆಂದು ಪರೀಕ್ಷಿಸಿಯೇ ತಿಳಿಯಬೇಕು. ನಮ್ಮ ಟಾನಿಕ್ಕು ಕತ್ತಲಲ್ಲಿ ಎಸೆದ ಕಲ್ಲಾಗಿತ್ತು.

ಈ ಕೊರತೆಯ ಕಥೆ ನಮ್ಮ ದೇಶದ್ದೇ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಗಿರಣಿ ಕೆಲಸದ ಬಡ ಗರ್ಭಿಣಿಯರಲ್ಲಿ ಇಂಥ ರಕ್ತಹೀನತೆಯನ್ನು ಕಂಡು, ಯೀಸ್ಟಿನ ಸಾರದಿಂದ ಅದು ವಾಸಿಯಾಗುವುದೆಂದು ತೋರಿಸಿದರು. ಅದರಲ್ಲಿದ್ದ ಗುಣವಸ್ತು ಫೋಲಿಕ್ ಆಮ್ಲವೆಂದು ಮುಂದೆ ತಿಳಿಯಿತು. ಅದನ್ನು 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಯಲ್ಲಾಪ್ರಗಡ ಸುಬ್ಬರಾವ್. ಅವರು 1895ರಲ್ಲಿ ಹುಟ್ಟಿದ ಭೀಮವರಂ, ನಮ್ಮ ವಿಜಯವಾಡದಿಂದ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ!

ವೈದ್ಯರು ಮಾತ್ರೆ ಕೊಟ್ಟು, ದಿನವೂ ಸೊಪ್ಪು ತಿನ್ನಬೇಕೆಂದರು. “ಈ ಊರಲ್ಲಿ ನಮ್ಮ ಸೊಪ್ಪು ಎಲ್ಲಿ ಸಿಗುತ್ತೆ?” ಎಂದು ತಾಯಿಯವರು ಗೊಣಗಿದರು. ಸಂತೆಯಲ್ಲಿ ನೋಡಿದರೆ ಇಲ್ಲಿನ ಗೋಂಗೂರ ನಮ್ಮ ಪುಂಡಿಯೇ, ಬಚ್ಚಲಿ ನಮ್ಮ ಬಸಳೆಯೇ! ಅತಿಯಾಗಿ ಬೇಯಿಸಿ ನೀರು ಬಸಿದರೆ ಸತ್ವ ಹೋಗುತ್ತದೆಂಬುದನ್ನೂ ಅವರು ಕಲಿತರು.

ಈಗ ತಂಗಿಯ ಮಡಿಲಲ್ಲಿ ಹೆಣ್ಣು ಮಗು; ಇಬ್ಬರೂ ಕ್ಷೇಮ. ಸೋದರಿಯರೇ, ಮನೆಯಲ್ಲಿ ಗರ್ಭಿಣಿಯ ಮುಖ ಬಿಳಿಚಿದರೆ ‘ಹಾಗೇ ಇರುತ್ತೆ’ ಎನ್ನಬೇಡಿ. ಮೊದಲು ಒಂದು ಹನಿ ರಕ್ತವನ್ನು ಪರೀಕ್ಷಿಸಿ. ನಾವು ಕಳೆದ ಹದಿನೈದು ದಿನಗಳನ್ನು ನೀವು ಕಳೆಯುವುದು ಬೇಡ.