ಗುಜರಿಗೆ ಹಾಕಬೇಡಿ, ಮೊದಲು ಬೀಗ ತೆಗೆಯಿರಿ

'ಕಂಪ್ಯೂಟರ್ ಇದಾವೆ ಸಾರ್, ಆದ್ರೆ ಹಳೇವು.' ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಸರ್ಕಾರಿ ಹೈಸ್ಕೂಲುಗಳಿಗೆ ಹೋದಾಗ ನಾವು ಮತ್ತೆ ಮತ್ತೆ ಕೇಳಿದ ಮಾತು ಇದು. ಬೀಗ ಹಾಕಿದ ಕೋಣೆ, ಸಾಲಾಗಿ ಮಾನಿಟರುಗಳು, ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಒಂದು ಬೆರಳು ಧೂಳು. ಹೊಸ ಲ್ಯಾಬ್ ಬಂದರೆ ಮಕ್ಕಳಿಗೆ ಕಲಿಸುತ್ತಾರಂತೆ. ಅಷ್ಟರಲ್ಲಿ ಎಂಟನೇ ಕ್ಲಾಸಿನ ಮಕ್ಕಳು ಹತ್ತು ಮುಗಿಸಿ ಹೋಗಿರುತ್ತಾರೆ.

ಈ ನೆಪ ನಮಗೆ ಒಪ್ಪಿಗೆಯಿಲ್ಲ. ವಿಡಿಯೊ ನೋಡಲು ಆ ಕಂಪ್ಯೂಟರ್ ಹಳೆಯದು, ಸರಿ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈಬಿಟ್ಟಿತು, ಅದೂ ಸರಿ. ಆದರೆ ಪ್ರೋಗ್ರಾಂ ಬರೆಯುವುದನ್ನು ಕಲಿಯಲು ಅದು ಹಳೆಯದಲ್ಲ. ಪ್ರೋಗ್ರಾಂ ಬರೆಯಲು ಮೊದಲು ಬೇಕಾಗುವುದು ಒಂದು ಟೆಕ್ಸ್ಟ್ ಎಡಿಟರ್. ವರ್ಡ್‌ನಲ್ಲಿ ಅರ್ಜಿ ಟೈಪ್ ಮಾಡಿದರೆ ಅಕ್ಷರದ ಜೊತೆ ದಪ್ಪ, ಬಣ್ಣ, ಅಂಚು ಎಲ್ಲ ಸೇರಿಕೊಂಡಿರುತ್ತವೆ. ಪ್ರೋಗ್ರಾಂಗೆ ಬೇಕಿರುವುದು ಬರೀ ಅಕ್ಷರ. ಟೆಕ್ಸ್ಟ್ ಎಡಿಟರ್ ಅಷ್ಟನ್ನೇ ಉಳಿಸುತ್ತದೆ, ಹಾಗಾಗಿ ಹಗುರ.

ಎಷ್ಟು ಹಗುರ? ವಿಐ ಎಂಬ ಎಡಿಟರನ್ನು ಬಿಲ್ ಜಾಯ್ 1976ರಲ್ಲಿ ಬರೆದಾಗ ನಿಧಾನದ ಟೆಲಿಫೋನ್ ಲೈನಿನ ಮೇಲೂ ಅದು ಓಡಬೇಕಿತ್ತು. ಅದನ್ನೇ ಬೆಳೆಸಿ ನೆದರ್ಲೆಂಡ್ಸ್‌ನ ಬ್ರಾಮ್ ಮೊಲೆನಾರ್ 1991ರಲ್ಲಿ ವಿಮ್ ಹೊರತಂದರು. ಇನ್ನೊಂದು ಇಮ್ಯಾಕ್ಸ್. ಒಂದು ಕಾಲಕ್ಕೆ ಅದು 8 ಎಂಬಿ ಮೆಮೊರಿ ನುಂಗುತ್ತದೆಂದು ಪ್ರೋಗ್ರಾಮರುಗಳು ಗೇಲಿ ಮಾಡುತ್ತಿದ್ದರು. ನಿಮ್ಮೂರ ಶಾಲೆಯ ಕಂಪ್ಯೂಟರಿನಲ್ಲಿ 512 ಎಂಬಿ ಇದ್ದರೂ ಅದು ಆ ಎಂಟರ 64 ಪಟ್ಟು! ಇಮ್ಯಾಕ್ಸ್ ಈಗ ಆಗಿನಷ್ಟು ಸಣ್ಣದಾಗಿ ಉಳಿದಿಲ್ಲ, ಆದರೂ ಆ ಯಂತ್ರಕ್ಕೆ ಹೊರೆಯಲ್ಲ. ವಿಮ್ ಅಂತೂ ಮೌಸ್ ಕೂಡ ಕೇಳುವುದಿಲ್ಲ, ಎಲ್ಲ ಕೀಬೋರ್ಡಿನಲ್ಲೇ. ಶಾಲೆ ಲ್ಯಾಬಿನಲ್ಲಿ ಮೊದಲು ಕೆಡುವುದು ಯಾವುದು ಅಂತ ಗೊತ್ತಿರುವವರಿಗೆ ಇದು ಸಣ್ಣ ವಿಷಯವಲ್ಲ. (ಇಲಿ ಕಡಿದು ಮೌಸ್ ಸತ್ತ ಲ್ಯಾಬನ್ನೂ ನೋಡಿದ್ದೇವೆ.)

ಇವುಗಳ ದೊಡ್ಡ ಗುಣ ಬೇರೆಯೇ ಇದೆ. ಚನ್ನಪಟ್ಟಣದ ಗೊಂಬೆ ಮಾಡುವವರನ್ನು ನೋಡಿ. ಲೇತಿನಲ್ಲಿ ಆಲೆ ಮರದ ತುಂಡು ತಿರುಗುತ್ತಿರುತ್ತದೆ, ಉಳಿಯನ್ನು ಅವರು ತಮ್ಮ ಕೈಗೆ ತಕ್ಕಂತೆ ಮಸೆದುಕೊಂಡಿರುತ್ತಾರೆ. ಇನ್ನೊಬ್ಬರ ಉಳಿ ಕೊಟ್ಟರೆ ಕೈ ತಡವರಿಸುತ್ತದೆ. ಈ ಎಡಿಟರುಗಳೂ ಹಾಗೆಯೇ. ಒಂದು ಪುಟ್ಟ ಫೈಲಿನಲ್ಲಿ 'ಸೆಟ್ ನಂಬರ್' ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟರೆ ವಿಮ್ ಪ್ರತಿ ಸಾಲಿಗೂ ಸಂಖ್ಯೆ ತೋರಿಸುತ್ತದೆ. ಬಣ್ಣ ಬೇಕಾದಂತೆ, ಕೀ ಬೇಕಾದಂತೆ. ಇಮ್ಯಾಕ್ಸ್‌ನಲ್ಲಾದರೆ ಎಡಿಟರಿನ ನಡವಳಿಕೆಯನ್ನೇ ಪ್ರೋಗ್ರಾಂ ಬರೆದು ಬದಲಾಯಿಸಬಹುದು. ತಿಂಗಳಿಗೆ ಇಷ್ಟು ಅಂತ ಪೋಷಕರಿಂದ ವಸೂಲಿ ಮಾಡುವ ಕೋಡಿಂಗ್ ಆ್ಯಪುಗಳಲ್ಲಿ ಮಗು ಅವರು ಇಟ್ಟ ಗುಂಡಿ ಒತ್ತುತ್ತದೆ, ಅಷ್ಟೇ. ಇಲ್ಲಿ ತನ್ನ ಆಯುಧವನ್ನು ತಾನೇ ಹದ ಮಾಡಿಕೊಳ್ಳುತ್ತದೆ.

ದುಡ್ಡು? ಎರಡೂ ಉಚಿತ. ವಿಮ್ ತೆರೆದರೆ ಉಗಾಂಡದ ಬಡ ಮಕ್ಕಳಿಗೆ ಸಹಾಯ ಮಾಡಿ ಎಂಬ ಸಾಲು ಕಾಣುತ್ತದೆ. 2023ರಲ್ಲಿ ತೀರಿಕೊಂಡ ಮೊಲೆನಾರ್ ಇಷ್ಟು ವರ್ಷ ಕೇಳಿದ್ದು ಅದನ್ನೇ.

'ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರಲ್ಲ' ಅನ್ನುವವರಿಗೂ ಒಂದು ಮಾತು. ಟರ್ಮಿನಲ್‌ನ ಕಪ್ಪು ಪರದೆಯಲ್ಲಿ ವಿಮ್ ಕನ್ನಡದ ಒತ್ತಕ್ಷರಗಳನ್ನು ಕೆಡಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಇಮ್ಯಾಕ್ಸ್‌ನಲ್ಲಿ ಕನ್ನಡ ಟೈಪ್ ಮಾಡುವ ವ್ಯವಸ್ಥೆ ಒಳಗೇ ಇದೆ. ಹಲವು ಭಾಷೆಗಳಲ್ಲಿ ವಂದನೆ ಹೇಳುವ ಅದರ ಪುಟದಲ್ಲಿ ನಮ್ಮ 'ನಮಸ್ಕಾರ'ವೂ ಇದೆ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು: ತೂಕ = 42, ದರ = 500, ಮೊತ್ತ = ತೂಕ * ದರ. ಅಪ್ಪ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಿಂದ ತಂದ ಬಿಲ್ಲನ್ನು ಮಗಳು ತಾಳೆ ನೋಡಲು ಇಷ್ಟು ಸಾಕು.

ಕೇರಳ ತನ್ನ ಶಾಲೆಗಳಿಗೆ ಲಿನಕ್ಸ್ ತಂದು ವರ್ಷಗಳೇ ಆದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪುಸ್ತಕ ಕನ್ನಡದಲ್ಲೇ ಇದೆ. ನಮ್ಮಲ್ಲಿ 2000ದ ದಶಕದಲ್ಲಿ ಮಾಹಿತಿ ಸಿಂಧು ಬಂತು, ಆಮೇಲೆ ಬೇರೆ ಹೆಸರಿನ ಯೋಜನೆಗಳು ಬಂದವು. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಆಯಿತು. ಬೋರ್ಡು ಬದಲಾದಷ್ಟು ಬೇಗ ಲ್ಯಾಬಿನ ಬೀಗ ತೆಗೆಯುವವರಿಲ್ಲ.

ಸಮಯವೂ ಹೆಚ್ಚಿಲ್ಲ. ಹಳೆಯ 32 ಬಿಟ್ ಯಂತ್ರಗಳಿಗೆ ಹಾಕಬಹುದಾದ ಡೆಬಿಯನ್ ಲಿನಕ್ಸ್‌ನಲ್ಲಿ 12ನೆಯದೇ ಕೊನೆ. 2025ರಲ್ಲಿ ಬಂದ 13ರಲ್ಲಿ ಅವುಗಳಿಗೆ ಇನ್‌ಸ್ಟಾಲರ್ ಇಲ್ಲ. ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗುವ ಅಪ್ಪ ಅಮ್ಮಂದಿರು ಒಂದು ಪ್ರಶ್ನೆ ಕೇಳಿ: ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ? ಎಷ್ಟು ಕಂಪ್ಯೂಟರ್ ಆನ್ ಆಗುತ್ತವೆ ಅಂತ ಅವತ್ತೇ ಎಣಿಸಿ ನಮಗೆ ತಿಳಿಸಿ. ಪೆನ್‌ಡ್ರೈವ್ ನಾವು ತರುತ್ತೇವೆ.