ಒಳಹರಿವು ಶುರುವಾಗಿದೆ

ಕೊಯ್ನಾ, ಮಹಾಬಳೇಶ್ವರದ ಕಡೆ ಮಳೆ ಜೋರಾದರೆ ಆಲಮಟ್ಟಿಯಲ್ಲಿ ಬಿಸಿಲಿದ್ದರೂ ಒಳಹರಿವಿನ ಲೆಕ್ಕ ಶುರುವಾಗುತ್ತದೆ. ಗೇಟು ಎತ್ತುವ ಮೊದಲೇ ನದಿದಂಡೆಯ ಊರುಗಳಿಗೆ ಸುದ್ದಿ ಮುಟ್ಟುತ್ತದೆ. ನೀರಿನ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾವು ಮನೆಯ ಹುಡುಗರ ವಿಷಯದಲ್ಲಿ ಮಾತ್ರ ಹೊಸ್ತಿಲು ತೊಯ್ಯುವ ತನಕ ಕೈಕಟ್ಟಿ ಕೂತಿರುತ್ತೇವೆ.

ಈಚೆಗೆ ನಿಡಗುಂದಿ ಬಳಿಯ ಗ್ಯಾರೇಜೊಂದರಲ್ಲಿ ಒಬ್ಬ ಹುಡುಗನನ್ನು ಕಂಡೆ. ಒಂಬತ್ತನೆಯ ತರಗತಿ. ಶಾಲೆಯ ಪ್ಯಾಂಟು, ಮೇಲೆ ಬನಿಯನ್ನು. ಹೊತ್ತು ಹಗಲು ಹನ್ನೊಂದೂವರೆ. ಬೈಕಿನ ಎರಡೂ ಕನ್ನಡಿ ಬಿಚ್ಚಿದ್ದವು, ನಂಬರ್ ಪ್ಲೇಟು ಮೇಲಕ್ಕೆ ಮಡಚಿತ್ತು, ಹೊಸ ಸೈಲೆನ್ಸರ್ ಚೀಲದಲ್ಲಿ ಕಾದಿತ್ತು. ಪಕ್ಕದಲ್ಲಿ ಗ್ರೀಸ್ ಮೆತ್ತಿದ ಗಣಿತದ ನೋಟ್‌ಬುಕ್. ಕೊನೆಯ ಹಾಳೆಯಲ್ಲಿ ಅವನೇ ಹಾಕಿದ ಲೆಕ್ಕ: ಮುಂದಿನ ಸ್ಪ್ರಾಕೆಟ್‌ಗೆ 14 ಹಲ್ಲು, ಹಿಂದಿನದಕ್ಕೆ 42, ಭಾಗಿಸಿದರೆ 3, ಮುಂದಿನದನ್ನು 15 ಮಾಡಿದರೆ 2.8. ಲೆಕ್ಕ ತಪ್ಪಿರಲಿಲ್ಲ. ಅದೇ ಪುಸ್ತಕದ ಮೊದಲ ಹಾಳೆಗಳಲ್ಲಿ ಜುಲೈ ಆದಮೇಲೆ ಒಂದಕ್ಷರವೂ ಇರಲಿಲ್ಲ.

“ಸಾಲಿಗೆ ಹೋಗಿಲ್ಲೇನೋ ತಮ್ಮಾ?” ಎಂದೆ.

“ನಾ ರೇಸರ್ ಆಗಾಂವ ಅದೀನ್ರಿ ಕಾಕಾ, ಸಾಲಿ ತಗೊಂಡು ಏನ್ಮಾಡ್ಲಿ?”

ನನಗೆ ದಿಗಿಲು ಹುಟ್ಟಿಸಿದ್ದು ಈ ಮಾತಲ್ಲ, ಅವನ ತಂದೆಯ ಸಮಾಧಾನ. “ಹುಡುಗ ಅದಾನ್ರಿ, ತಿಳುವಳಿಕಿ ಬಂದ್ರ ತಾನ ಬಿಡ್ತಾನ. ಹತ್ತನೇತ್ತಾದ ಚಿಂತಿ ಏನೈತ್ರಿ, ಈಗ ಎರಡ್ಮೂರು ಸಲ ಪರೀಕ್ಷಾ ಇಡ್ತಾರ.” 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆಗಳು ಬಂದದ್ದು ನಿಜ. ಎಡವಿದ ಮಗು ಎದ್ದು ನಿಲ್ಲಲಿ ಎಂದು ಮಾಡಿದ ವ್ಯವಸ್ಥೆ ಅದು. ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದೇವೆ.

ಇದನ್ನು ಮೊದಲೂ ನೋಡಿದ್ದೇನೆ. ಆಲಮಟ್ಟಿ ಜಲಾಶಯ ತುಂಬುತ್ತ ಬಂದ ವರ್ಷಗಳಲ್ಲಿ ಹೊಲ ಹೋಯಿತು, ಕೈಗೆ ಪರಿಹಾರದ ದುಡ್ಡು ಬಂತು, ಎಷ್ಟೋ ಅಂಗಳಗಳಿಗೆ ಹೊಸ ಬೈಕು ಬಂತು. ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿನ ಮುಂದೆ ಚುಕ್ಕೆ ಬೀಳತೊಡಗಿದ್ದು ಯಾವ ತಿಂಗಳು ಎಂದು ಯಾರೂ ಕೇಳಲಿಲ್ಲ. ಆಮೇಲೆ ಬೈಕು ಮಾರಾಟವಾಯಿತು, ಹುಡುಗರು ಕೂಲಿಗೆ ಗೋವಾದ ಹಾದಿ ಹಿಡಿದರು. ಈಗ ಅಣೆಕಟ್ಟಿನ ಮಟ್ಟವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಯೋಜನೆ ಮುಂದಿದೆ. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಎಂದು 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿದೆ. ಆ ದುಡ್ಡು ಬರುವ ಮನೆಗಳಲ್ಲೂ ಇಂಥ ಹುಡುಗರಿದ್ದಾರೆ.

ರೇಸಿಂಗ್ ಕೀಳು ಕಸುಬಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಗೆ ಇಳಿದ ಮೊದಲ ಭಾರತೀಯ. ಅದೇ ಊರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದವರು. ಆದರೆ ಓಟದ ಟ್ರ್ಯಾಕುಗಳಿರುವುದು ಚೆನ್ನೈ ಬಳಿ, ಕೊಯಮತ್ತೂರಿನಲ್ಲಿ, ದೂರದ ಗ್ರೇಟರ್ ನೋಯ್ಡಾದಲ್ಲಿ. ಅಲ್ಲಿ ಲೈಸೆನ್ಸು, ತರಬೇತಿ, ಟೈರು, ಪ್ರಯಾಣ ಎಲ್ಲಕ್ಕೂ ದುಡ್ಡು ಸುರಿಯಬೇಕು. ಪ್ರಾಣದ ಖಾತ್ರಿ ಅಲ್ಲೂ ಇಲ್ಲ. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದಾಗ ಬೆಂಗಳೂರಿನ ಶ್ರೇಯಸ್ ಹರೀಶ್ ಮೊದಲ ತಿರುವಿನಲ್ಲೇ ಬಿದ್ದು ತೀರಿಕೊಂಡ. ಆಗಷ್ಟೇ 13 ತುಂಬಿತ್ತು. ಹೆಲ್ಮೆಟ್ ಇತ್ತು, ಟ್ರ್ಯಾಕಿನ ಪಕ್ಕದಲ್ಲೇ ಆಂಬುಲೆನ್ಸ್ ಇತ್ತು.

ನಮ್ಮ ಹುಡುಗರು ಅಭ್ಯಾಸ ಮಾಡುತ್ತಿರುವುದು ರಾಷ್ಟ್ರೀಯ ಹೆದ್ದಾರಿ 50ರಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ.

ಓದೋ ಓಟವೋ ಎಂದು ತಕ್ಕಡಿ ಹಿಡಿಯುವವರು ಆ ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ನೋಡಬೇಕು. ಅನುಪಾತ ಗೊತ್ತಿದ್ದವನಿಗೇ ಯಂತ್ರ ಒಲಿಯುತ್ತದೆ. ನಿಜಕ್ಕೂ ರೇಸಿನ ಕಸುವಿರುವ ಮಗುವಿಗೆ ಮುಕ್ತ ಶಾಲೆಯಲ್ಲಿ ಓದುವ ದಾರಿಯಿದೆ. ಓಡಿಸುವ ಕಸುವಿಲ್ಲದೆ ಬರೀ ಯಂತ್ರದ ಹುಚ್ಚಿದ್ದರೆ ಐಟಿಐ ಇದೆ, ಡಿಪ್ಲೊಮಾ ಇದೆ. ಒಂಬತ್ತರಲ್ಲೇ ಶಾಲೆ ಬಿಟ್ಟವನಿಗೆ ಆ ಬಾಗಿಲೂ ಕಿರಿದಾಗುತ್ತದೆ.

ಅಪ್ರಾಪ್ತ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 199ಎ ಕಲಮು ಇದನ್ನೇ ಹೇಳುತ್ತದೆ. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಸಿಗದು. ಲೈಸೆನ್ಸೇ ಇಲ್ಲದ ರೇಸರ್!

ಆ ತಂದೆಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ. ಸೋಮವಾರ ಶಾಲೆಗೆ ಹೋಗಿ, ಹಾಜರಿ ಪುಸ್ತಕ ತೆಗೆಸಿ, ಜುಲೈಯಿಂದ ಒಂದೊಂದೇ ದಿನ ಎಣಿಸಿರಿ. ಹೋಗುವಾಗ ಬೈಕಿನ ಕೀಲಿ ನಿಮ್ಮ ಕಿಸೆಯಲ್ಲಿರಲಿ.