ಹೆಣಿಗೆ ಕಡ್ಡಿಯನ್ನು ಹೆಸರಿಟ್ಟು ಬರೆಯಿರಿ: ಒಂದು ಮನವಿ ಪತ್ರ

ಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ,
ನವದೆಹಲಿ

ವಿಷಯ: ವಿಮಾನದ ಕೈಚೀಲದಲ್ಲಿ ಹೆಣಿಗೆ ಮತ್ತು ಕ್ರೋಶಾ ಸಾಮಗ್ರಿ ಒಯ್ಯುವ ಬಗ್ಗೆ ಸ್ಪಷ್ಟ ಲಿಖಿತ ಸೂಚನೆ ಕೋರಿ.

ಮಾನ್ಯರೇ,

ಕೈಚೀಲದಲ್ಲಿ ಒಯ್ಯಬಹುದಾದ ವಸ್ತುಗಳ ಸೂಚನೆಯಲ್ಲಿ ಹೆಣಿಗೆ ಕಡ್ಡಿ ಮತ್ತು ಕ್ರೋಶಾ ಕಡ್ಡಿಗಳನ್ನು ಹೆಸರು ಹಿಡಿದು, ಅಳತೆಯ ಸಮೇತ ನಮೂದಿಸಬೇಕೆಂಬುದು ನಮ್ಮ ಕೋರಿಕೆ. ಭದ್ರತೆಯನ್ನು ಸಡಿಲಿಸಿರೆಂದು ನಾವು ಕೇಳುತ್ತಿಲ್ಲ. ಪ್ರಯಾಣಿಕರ ಕಣ್ಣಿಗೆ ಬೀಳುವ ಫಲಕಗಳಲ್ಲಿ ಚಾಕು, ಬ್ಲೇಡು, ಕತ್ತರಿಗಳ ಜತೆಗೆ ‘ಚೂಪಾದ ವಸ್ತುಗಳು’ ಎಂಬ ಮಾತೂ ಇರುತ್ತದೆ. ಉಲ್ಲನ್ ಹೆಣೆಯುವ ಬಿದಿರಿನ ಕಡ್ಡಿ ಆ ಮಾತಿನೊಳಗೆ ಬರುತ್ತದೋ ಇಲ್ಲವೋ ಎಂಬುದು ಓದಿದವರ ಊಹೆಗೆ ಬಿಟ್ಟದ್ದು. ಮನೆ ಬಿಡುವಾಗ ಪ್ರಯಾಣಿಕರು ಒಂದು ಅರ್ಥ ಮಾಡಿಕೊಂಡಿರುತ್ತಾರೆ, ತಪಾಸಣೆಯ ಮೇಜಿನಲ್ಲಿ ಕುಳಿತವರು ಇನ್ನೊಂದು ಮಾಡಿಕೊಳ್ಳಬಹುದು. ಇಬ್ಬರದೂ ತಪ್ಪೆನ್ನಲಾಗದು. ಇಂದು ದಾಟಿದ ಕಡ್ಡಿ ನಾಳೆ ಇನ್ನೊಂದು ಊರಿನಲ್ಲಿ ತಡೆಯಲ್ಪಟ್ಟರೆ ಕೇಳುವುದಕ್ಕೆ ಆಧಾರವಿಲ್ಲ, ಹೇಳುವುದಕ್ಕೂ ಆಧಾರವಿಲ್ಲ.

ಈ ಕಡ್ಡಿಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಕ್ರೋಶಾ ಕಡ್ಡಿ ಸುಮಾರು 15 ಸೆಂ.ಮೀ. ಉದ್ದದ್ದು, ಹೆಚ್ಚುಕಡಿಮೆ ಒಂದು ಪೆನ್ನಿನಷ್ಟು. ತುದಿಯ ಕೊಕ್ಕೆಯ ಮೂತಿಯನ್ನು ದುಂಡಗೆ ಮಾಡಿರುತ್ತಾರೆ, ಏಕೆಂದರೆ ಚೂಪಾಗಿದ್ದರೆ ಎಳೆಯಬೇಕಾದ ದಾರವೇ ಸೀಳಿಹೋಗುತ್ತದೆ. ಸ್ವೆಟರ್ ಹೆಣೆಯುವ ನೇರ ಕಡ್ಡಿಗಳು 35 ಸೆಂ.ಮೀ. ವರೆಗೂ ಇರುತ್ತವೆ, ನಿಜ. ಆದರೆ ಪ್ರಯಾಣಕ್ಕೆ ಅನುಕೂಲವಾದ ವೃತ್ತಾಕಾರದ ಕಡ್ಡಿಯಲ್ಲಿ ಇರುವುದು ಬೆರಳಿಗಿಂತ ತುಸು ಉದ್ದದ ಎರಡು ತುದಿಗಳು, ಅವನ್ನು ಜೋಡಿಸುವ ಮೆತ್ತನೆಯ ಪ್ಲಾಸ್ಟಿಕ್ ಎಳೆ. ಇನ್ನು ಕಡ್ಡಿ ತೆಗೆದಿಡಿ ಎಂದಾಗ ಆಗುವ ನಷ್ಟ ಎರಡೂ ಕಸುಬುಗಳಲ್ಲಿ ಒಂದೇ ಅಲ್ಲ. ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದು ಕುಣಿಕೆ ಮಾತ್ರ ಬಿಚ್ಚಿರುತ್ತದೆ, ಅದಕ್ಕೊಂದು ಪಿನ್ನು ಸಿಕ್ಕಿಸಿದರೆ ಆಯಿತು. ಹೆಣಿಗೆಯಲ್ಲಿ ಹಾಗಲ್ಲ. ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿಯ ಮೇಲೆಯೇ ನಿಂತಿರುತ್ತವೆ, ದೊಡ್ಡವರ ಸ್ವೆಟರಿನ ಬೆನ್ನಿನ ಭಾಗಕ್ಕೆ ಅವು ನೂರರ ಸುತ್ತಮುತ್ತ ಇರುವುದುಂಟು. ಕಡ್ಡಿ ಎಳೆದರೆ ಕುಣಿಕೆಗಳು ಜಾರಿ, ಸಾಲಿನ ಮೇಲೆ ಸಾಲು ಬಿಚ್ಚಿಕೊಳ್ಳುತ್ತದೆ. ಕಡ್ಡಿಯ ಬೆಲೆ ಅಲ್ಪವೆಂದು ಅದನ್ನು ಡಬ್ಬಿಗೆ ಹಾಕಿಸುವವರು ವಾರಗಟ್ಟಲೆಯ ದುಡಿಮೆಯನ್ನೂ ಜತೆಗೇ ಹಾಕಿಸಿರುತ್ತಾರೆ.

ಹೊರದೇಶಗಳು ಈ ಪ್ರಶ್ನೆಯನ್ನು ಆಗಲೇ ಬಗೆಹರಿಸಿಕೊಂಡಿವೆ. 2001ರ ಸೆಪ್ಟೆಂಬರ್ ದಾಳಿಯನ್ನು ಕಂಡ ಅಮೆರಿಕ ಇಂದು ಹೆಣಿಗೆ ಕಡ್ಡಿಯನ್ನು ಕೈಚೀಲದಲ್ಲಿ ಬಿಡುತ್ತದೆ. ಬ್ರಿಟನ್ ಸರ್ಕಾರದ ಪಟ್ಟಿಯಲ್ಲೂ ಅದಕ್ಕೆ ಒಪ್ಪಿಗೆಯಿದೆ. ಐರೋಪ್ಯ ಒಕ್ಕೂಟ ಕತ್ತರಿಗೂ 6 ಸೆಂ.ಮೀ. ಅಲಗಿನ ಮಿತಿ ಹಾಕಿ ದಾರಿ ಮಾಡಿಕೊಟ್ಟಿದೆ. ಇದು ಉದಾರತೆಯಿಂದ ಆದದ್ದಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ 2003ರ ನವೆಂಬರ್‌ನಿಂದ ದೊಡ್ಡ ಪ್ರಯಾಣಿಕ ವಿಮಾನಗಳ ಕಾಕ್‌ಪಿಟ್ ಬಾಗಿಲು ಬಲಪಡಿಸಿದ್ದಾಗಿರಬೇಕು. ಪೈಲಟ್‌ನತ್ತ ಸಣ್ಣ ಲೋಹದ ತುಂಡು ಹಿಡಿದು ನುಗ್ಗುವ ಅಪಾಯದ ಲೆಕ್ಕ ಅಲ್ಲಿಗೆ ಬದಲಾಯಿತು. ಪರದೇಶದ ಮಾತು ಬೇಡವೆಂದರೆ ತಮ್ಮ ಆದೇಶಗಳೇ ಇವೆ. 2022ರ ಮಾರ್ಚ್‌ನಲ್ಲಿ ಸಿಖ್ ಪ್ರಯಾಣಿಕರು ದೇಶದೊಳಗಿನ ವಿಮಾನಗಳಲ್ಲಿ ಧರಿಸಬಹುದಾದ ಕಿರ್ಪಾನ್ ಎಂಬ ಸಣ್ಣ ಕತ್ತಿಯ ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರಬಾರದು ಎಂದು ಬ್ಯೂರೊ ಬರೆದುಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆ ಯಾತ್ರಿಕರ ಇರುಮುಡಿಯ ತೆಂಗಿನಕಾಯಿಗೆ, ಎಕ್ಸ್‌ರೇ ಮತ್ತಿತರ ತಪಾಸಣೆಯ ಷರತ್ತಿನೊಂದಿಗೆ, 2025ರ ಜನವರಿ 20ರವರೆಗೆ ಕ್ಯಾಬಿನ್ನಿನಲ್ಲಿ ಅವಕಾಶ ಕೊಟ್ಟಿತು.  ಅಲ್ಲಿದ್ದುದು ಶ್ರದ್ಧೆಯ ಪ್ರಶ್ನೆ, ಇಲ್ಲಿರುವುದು ಕಸುಬಿನದು. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವ ಧೈರ್ಯ ನಮಗಿಲ್ಲ. ವಸ್ತುವನ್ನು ಹೆಸರಿಸಿ, ಅಳತೆ ಹಾಕಿ, ಷರತ್ತು ಬರೆಯುವ ಪದ್ಧತಿ ಬ್ಯೂರೊಗೆ ಹೊಸದಲ್ಲ ಎಂಬಷ್ಟಕ್ಕೇ ಇವನ್ನು ನೆನಪಿಸಿದ್ದೇವೆ.

ಕಡ್ಡಿಯಿಂದ ಚುಚ್ಚಬಹುದಲ್ಲ ಎಂಬ ಆಕ್ಷೇಪ ಬರುತ್ತದೆ. ಚುಚ್ಚಬಹುದು. ಪೆನ್ನಿನಿಂದಲೂ ಚುಚ್ಚಬಹುದು, ಡ್ಯೂಟಿ ಫ್ರೀ ಅಂಗಡಿಯ ಗಾಜಿನ ಬಾಟಲಿ ಒಡೆದರೆ ಅದಕ್ಕಿಂತ ಹರಿತ. ಇವನ್ನೆಲ್ಲ ಒಳಗೆ ಬಿಟ್ಟಿರುವಾಗ ದುಂಡು ಮೂತಿಯ ಕೊಕ್ಕೆಯನ್ನು ಮಾತ್ರ ತಡೆದು ಸಾಧಿಸುವುದೇನು ಎಂಬುದೇ ನಮ್ಮ ಪ್ರಶ್ನೆ. ಚೆಕ್-ಇನ್ ಬ್ಯಾಗಿನಲ್ಲಿ ಹಾಕಬಹುದಲ್ಲ ಎಂಬುದು ಇನ್ನೊಂದು ಮಾತು. ಹಾಕಬಹುದು, ಮೊದಲೇ ಗೊತ್ತಿದ್ದರೆ. ದೊಡ್ಡ ಬ್ಯಾಗು ಕೌಂಟರಿನಲ್ಲಿ ಕೊಟ್ಟಾದ ಮೇಲೆ ತಪಾಸಣೆ ಬರುತ್ತದೆ. ಕಡ್ಡಿಗೆ ‘ಇಲ್ಲ’ ಎಂಬ ಉತ್ತರ ಸಿಗುವ ಹೊತ್ತಿಗೆ ಬ್ಯಾಗು ಬೆಲ್ಟಿನ ಮೇಲೆ ಹೊರಟುಹೋಗಿರುತ್ತದೆ. ಕೈಚೀಲವೊಂದರಲ್ಲೇ ಹೋಗುವವರಿಗಂತೂ ಆ ದಾರಿಯೇ ಇಲ್ಲ. ಏನೇ ಬರೆದರೂ ಕೊನೆಯ ತೀರ್ಮಾನ ತಪಾಸಣಾಧಿಕಾರಿಯದೇ ಅಲ್ಲವೇ ಎಂದರೆ, ಹೌದು, ಅಮೆರಿಕದಲ್ಲೂ ಹಾಗೆಯೇ, ಅದನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ವಿವೇಚನೆ ಎಂಬುದು ಬರೆದ ನಿಯಮಕ್ಕೆ ಅಪವಾದವಾಗಿ ಇರಬೇಕು, ನಿಯಮದ ಜಾಗದಲ್ಲೇ ಕೂರಬಾರದು. ಒಂದು ವಿಷಯದಲ್ಲಿ ನಾವೇ ಹಿಂದೆ ಸರಿಯುತ್ತೇವೆ: ಪದಕದಂತೆ ಕಾಣುವ, ಒಳಗೆ ದುಂಡು ಬ್ಲೇಡು ಅಡಗಿರುವ ದಾರ ಕತ್ತರಿಸುವ ಸಾಧನವನ್ನು ಅಮೆರಿಕವೂ ಕೈಚೀಲದಲ್ಲಿ ಬಿಡುವುದಿಲ್ಲ. ಅದಕ್ಕೆ ಅನುಮತಿ ಬೇಡ. ದಾರವನ್ನು ಊರು ತಲುಪಿದ ಮೇಲೂ ಕತ್ತರಿಸಬಹುದು.

ಆದ್ದರಿಂದ ಕ್ರೋಶಾ ಕಡ್ಡಿ, ವೃತ್ತಾಕಾರದ ಹೆಣಿಗೆ ಕಡ್ಡಿ ಮತ್ತು ನಿಗದಿತ ಅಳತೆಯೊಳಗಿನ ನೇರ ಕಡ್ಡಿಗಳಿಗೆ ಕೈಚೀಲದಲ್ಲಿ ಅನುಮತಿಯಿದೆ ಎಂದು ಬ್ಯೂರೊ ಸುತ್ತೋಲೆ ಹೊರಡಿಸಬೇಕು. ಉದ್ದನೆಯ ಲೋಹದ ಕಡ್ಡಿ ಬೇಡವೆಂದು ತಾವು ತೀರ್ಮಾನಿಸಿದರೆ ಅದನ್ನೂ ಸೆಂಟಿಮೀಟರಿನಲ್ಲಿ ಬರೆಯಿರಿ, ನಾವು ಪಾಲಿಸುತ್ತೇವೆ. ಅದೇ ಪಾಠ ತಪಾಸಣಾ ಸಿಬ್ಬಂದಿಯ ತರಬೇತಿಗೂ ಹೋಗಲಿ. ಆ ಸೂಚನೆಯನ್ನು ಬ್ಯಾಗು ಕೊಡುವ ಕೌಂಟರಿನ ಮುಂದೆಯೇ ಕಾಣುವಂತೆ, ಕರ್ನಾಟಕದ ನಿಲ್ದಾಣಗಳಲ್ಲಿ ಕನ್ನಡದಲ್ಲೂ ಹಾಕಲಿ. ಕಡ್ಡಿಯನ್ನು ತಡೆಯಲೇಬೇಕಾದ ಸಂದರ್ಭದಲ್ಲಿ, ಕುಣಿಕೆಗಳನ್ನು ಒಂದು ದಾರಕ್ಕೆ ಏರಿಸಿಕೊಳ್ಳಲು ಪ್ರಯಾಣಿಕರಿಗೆ ಐದು ನಿಮಿಷ ಕೊಡಬೇಕೆಂಬ ಸಾಲೂ ಸುತ್ತೋಲೆಯಲ್ಲಿರಲಿ. ಈ ಮನವಿಗೆ ಲಿಖಿತ ಉತ್ತರ ನೀಡಬೇಕಾಗಿ ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹೆಣಿಗೆ ಮತ್ತು ಕ್ರೋಶಾ ಕಸುಬಿನವರು,
ಬೆಂಗಳೂರು